ಒತ್ತಿಲ್ಲದ ಜಾಹೀರಾತು

ನನ್ನ ಹೆಸರು ಪಂಚಾಕ್ಷರಪ್ಪ. ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ನನ್ನ ತರಗತಿಯಲ್ಲಿ ಕೂತು ಎದ್ದ ಯಾರನ್ನು ಬೇಕಾದರೂ ದಾರಿಯಲ್ಲಿ ತಡೆದು ಕಿವಿಯ ಹತ್ತಿರ ‘ಒತ್ತಕ್ಷರ’ ಎಂದು ಹೇಳಿ ನೋಡಿ. ಮದುವೆಯಾಗಿ ಮಕ್ಕಳಾದವರೂ ಅಂಗೈಯನ್ನು ಥಟ್ಟನೆ ಬೆನ್ನ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಕೊಂಬು ಮರೆತವರನ್ನು ನಾನು ಕ್ಷಮಿಸಿದ್ದುಂಟು. ದೀರ್ಘ ನುಂಗಿದವರನ್ನೂ ಕ್ಷಮಿಸಿದ್ದುಂಟು. ಒತ್ತು ಬಿಟ್ಟವರನ್ನು ಮಾತ್ರ ಇಲ್ಲ. ಇಂಥ ನನ್ನ ಮನೆಗೇ ಒತ್ತಕ್ಷರದ ಗಂಧಗಾಳಿ ಇಲ್ಲದ ಕಂಪ್ಯೂಟರೊಂದು ಬಂದು ಪೀಠಸ್ಥವಾಯಿತು ಎಂದರೆ, ಇದು ಆ ಹುಡುಗರೆಲ್ಲ ಸೇರಿ ಹಾಕಿದ ಶಾಪವೇ ಇರಬೇಕು.

ಎಲ್ಲಕ್ಕೂ ಮೂಲ ನನ್ನ ಹೆಂಡತಿ ನೀಲಾಂಬಿಕಳ ಕೈರುಚಿ. ಸೊರಬದ ಹೆಣ್ಣು. ಅವಳು ಮಾಡುವ ಶ್ಯಾವಿಗೆ, ಚಟ್ನಿಪುಡಿ, ಅಕ್ಕಿ ಹಪ್ಪಳ, ಹೋಳಿಗೆ ಇವಕ್ಕೆ ನಮ್ಮ ಕೇರಿಯಲ್ಲಿ ಒಳ್ಳೆಯ ಹೆಸರು. ಮೊದಮೊದಲು ಬಟ್ಟಲು ಹಿಡಿದು ಬರುತ್ತಿದ್ದವರು ಆಮೇಲೆ ಕೇಳಿ ಮಾಡಿಸಿಕೊಳ್ಳತೊಡಗಿದರು. ಅದು ನಮ್ಮ ಕೇರಿ ದಾಟಿ ಊರಿಗೆಲ್ಲ ಹರಡಲಿ ಎಂಬ ಆಸೆ ಅವಳಿಗೆ ಹುಟ್ಟಿದ್ದು ಕೇಬಲ್ ಟಿ.ವಿ.ಯಿಂದ.

ಆಗಿನ್ನೂ ತೊಂಬತ್ತರ ದಶಕದ ಕೊನೆ. ಕೇಬಲ್ ಗೋಪಾಲಪ್ಪ ದಿನಾ ಸಂಜೆ ಊರಿಗೆಲ್ಲ ಒಂದು ಸಿನಿಮಾ ಹಾಕುತ್ತಿದ್ದ. ನಾಯಕಿ ಅಳುವ ಹೊತ್ತಿಗೆ ಸರಿಯಾಗಿ ಸಿನಿಮಾ ನಿಂತು, ಪರದೆಯ ತುಂಬ ಬಟ್ಟೆ ಅಂಗಡಿಯದೋ ಟ್ರ್ಯಾಕ್ಟರ್ ರಿಪೇರಿಯದೋ ಬಣ್ಣಬಣ್ಣದ ಜಾಹೀರಾತು ಬಂದು ನಿಲ್ಲುತ್ತಿತ್ತು. ಅದು ಹೋಗುವುದರೊಳಗೆ ನಾಯಕಿ ಅತ್ತು ಮುಗಿಸಿರುತ್ತಿದ್ದಳು.

“ರೀ, ನಂದೂ ಒಂದು ಹಂಗೆ ಹಾಕ್ಸಿ,” ಎಂದಳು ನೀಲಾ.

ಗೋಪಾಲಪ್ಪನನ್ನು ವಿಚಾರಿಸಿದೆ. “ಹಾಕೋಕೆ ಜಾಸ್ತಿ ಏನಿಲ್ಲ ಮೇಷ್ಟ್ರೆ. ಡಿಸೈನು ಮಾಡ್ಸೋದೇ ತುಟ್ಟಿ, ಶಿವಮೊಗ್ಗದಾಗೆ ಮಾಡ್ಸಬೇಕು. ನೀವೇ ಮಾಡಿ ಫ್ಲಾಪಿಯಾಗೆ ತಂದ್ಕೊಟ್ರೆ ನಾಳೇನೇ ಹಾಕ್ತೀನಿ ನೋಡ್ರಿ,” ಎಂದ.

ನನ್ನ ತಲೆಯಲ್ಲಿ ಆ ಕ್ಷಣವೇ ದಿವ್ಯವಾದ ಯೋಚನೆಯೊಂದು ಹೊಳೆಯಿತು. (ನನ್ನ ತಲೆಯಲ್ಲಿ ಯೋಚನೆ ಹೊಳೆದಾಗಲೆಲ್ಲ ನೀಲಾ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿಡುತ್ತಾಳೆ. ಹಿಂದಿನ ಅನುಭವ.) ನೀಲಾಳ ತಮ್ಮ ಸಂಗಮೇಶ್ ಸೊರಬದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಅವನ ಹತ್ತಿರ ಒಂದು ಹಳೆಯ ಕಂಪ್ಯೂಟರು ಮೂಲೆಗೆ ಬಿದ್ದಿತ್ತು. ಅದನ್ನು ತರಿಸಿ, ಜಾಹೀರಾತನ್ನು ನಾನೇ ರಚಿಸಿಬಿಟ್ಟರೆ? ಛಂದಸ್ಸು ಕಲಿಸುವವನಿಗೆ ನಾಲ್ಕು ಸಾಲಿನ ಜಾಹೀರಾತು ಯಾವ ಮಹಾ?

ಸಂಗಮೇಶ್ ಬಂದ. ಮುಂದಿನ ಭಾನುವಾರ ಸೊರಬದಿಂದ ಬಂದ ಬಸ್ಸಿನಲ್ಲಿ, ಟಿ.ವಿ.ಯಂಥ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು, ಉಳಿದದ್ದನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದ. ಜೊತೆಗೆ ಒಂದು ಸಿ.ಡಿ. ಅದರ ಹೆಸರು ‘ಸುಲಭ ಪ್ರಚಾರ’. ಡಬ್ಬದ ಮೇಲೆ ‘ಅಗ್ಗ! ಸುಲಭ! ಹೊಸಬರೂ ಮಾಡಬಹುದು!’ ಎಂದು ಮೂರು ಆಶ್ಚರ್ಯಸೂಚಕ ಚಿಹ್ನೆಗಳ ಸಮೇತ ಅಚ್ಚಾಗಿತ್ತು.

“ಎಂತದೂ ಕಷ್ಟ ಇಲ್ಲ ಭಾವ,” ಎಂದ ಸಂಗಮೇಶ್. “ಮೊದ್ಲು ಚೌಕಟ್ಟು ಆರಿಸ್ಕಳಿ. ಆಮೇಲೆ ಚಿತ್ರ. ಆಮೇಲೆ ಅಕ್ಷರ ಹೊಡೀರಿ. ಮುಗೀತು. ಅಕ್ಕ ಸೈತ ಮಾಡ್ಬಹುದು.”

“ನಿಮ್ಮಕ್ಕನಿಗೆ ಯಾಕೆ ತೊಂದರೆ? ಅವಳು ಒಲೆ ನೋಡಿಕೊಳ್ಳಲಿ,” ಎಂದು ನಾನು ಹೇಳಿದೆ. ಈ ಮಾತನ್ನು ನೀವು ಮರೆತರೂ ನಡೆದೀತು. ನೀಲಾ ಮಾತ್ರ ಈವರೆಗೂ ಮರೆತಿಲ್ಲ.

ಸಂಗಮೇಶ್ ಅತ್ತ ಸಂಜೆಯ ಬಸ್ಸು ಹತ್ತಿದ್ದೇ ತಡ, ನಾನು ಇತ್ತ ಕುರ್ಚಿ ಎಳೆದುಕೊಂಡು ಕೂತೆ. ಮೊದಲಿಗೆ ನನ್ನ ಹೆಸರನ್ನೇ ಹೊಡೆದು ನೋಡಿದೆ. ಪರದೆಯ ಮೇಲೆ ‘ಪಂಚಾಕರಪ’ ಎಂದು ಮೂಡಿತು. ಬೆರಳು ತಪ್ಪಿರಬೇಕೆಂದು ಮತ್ತೆ ಹೊಡೆದೆ. ಮತ್ತೆ ‘ಪಂಚಾಕರಪ’. ಯಾರೋ ನನ್ನನ್ನು ಹಿಡಿದು ಕೈಕಾಲಿನ ಗೆಣ್ಣು ಕಿತ್ತ ಹಾಗಾಯಿತು. ಹೆಂಡತಿಯ ಹೆಸರು ಹೊಡೆದೆ. ‘ನೀಲಾಂಬಿಕ’ ಎಂದು ಮುತ್ತು ಪೋಣಿಸಿದಂತೆ ಬಂತು. ಅವಳ ತವರು ‘ಸೊರಬ’, ಅದೂ ಸಲೀಸಾಗಿ ಬಂತು.

ಮರುದಿನ ಸಂಗಮೇಶನಿಗೆ ಫೋನು ಮಾಡಿದೆ.

“ಒತ್ತಕ್ಷರ ಎಲ್ಲಯ್ಯಾ?”

“ಓ, ಅದಾ ಭಾವ? ಇದು ಕಲಿಯೋರ ಸಿ.ಡಿ. ಒತ್ತಕ್ಷರಕ್ಕೆ ದೊಡ್ಡ ಸಿ.ಡಿ. ಬೇರೆ ತಗೋಬೇಕು.”

“ಕನ್ನಡಕ್ಕೆ ಒತ್ತು ಬೇರೆ ಮಾರುತ್ತಾರೇನೋ? ನಾಳೆ ಹಲ್ಲುಜ್ಜೋ ಪುಡಿ ಒಂದು ಅಂಗಡಿಯಲ್ಲಿ, ಹಲ್ಲು ಇನ್ನೊಂದು ಅಂಗಡಿಯಲ್ಲಿ ಅನ್ನುತ್ತಾರೆ!”

“ಅದ್ಕೇ ಅಲ್ದಾ ಭಾವ ಇದು ಅಗ್ಗ.”

‘ಅಗ್ಗ’ ಎಂಬ ಶಬ್ದವನ್ನೇ ಬರೆಯಲು ಬಾರದ ಅಗ್ಗದ ತಂತ್ರಾಂಶ! ಸಿಟ್ಟು ಬಂತು. ಆದರೆ ಅವನು ಕೊನೆಯಲ್ಲಿ, “ನೀವು ಪಂಡಿತ್ರು ಭಾವ. ಒತ್ತಿಲ್ದ ಮಾತು ಹುಡ್ಕೋದು ನಿಮಗೆ ಹೇಳ್ಕೊಡ್ಬೇಕಾ?” ಎಂದ. ಆ ಮಾತು ಕಿವಿಯಲ್ಲಿ ಇಳಿದು, ಎದೆಯಲ್ಲಿ ಉಬ್ಬಿಕೊಂಡಿತು. ಹೌದಲ್ಲ! ಒತ್ತಕ್ಷರವೇ ಇಲ್ಲದೆ ಒಂದು ಜಾಹೀರಾತು ಬರೆದರೆ ಅದು ಹಳೆಯ ಕವಿಗಳು ಅಕ್ಷರ ಬಿಟ್ಟು ಕಟ್ಟುತ್ತಿದ್ದಂಥ ಚಿತ್ರಕಾವ್ಯವೇ ಆಗುತ್ತದೆ!

ಮೊದಲ ಪ್ರಯತ್ನವನ್ನು ಯೋಚಿಸದೆ ಹೊಡೆದುಬಿಟ್ಟೆ. ‘ರುಚಿ ಎಲ್ಲಿ? ಇಲ್ಲಿ!’ ಎಂಬುದು ನನ್ನ ಉದ್ದೇಶ. ನೀಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಓದಿದಳು.

“‘ರುಚಿ ಎಲಿ? ಇಲಿ!’ ಇದೆಂತದ್ರೀ? ನನ್ ಅಡಿಗೇಲಿ ಇಲಿ ಎಲ್ಲಿ ಬಿದ್ದಿತ್ತು?”

“ಒತ್ತು ಬಿದ್ದುಹೋಗಿದೆ ಕಣೆ.”

“ಇಲಿ ಬಿದ್ರೂ ತೆಗ್ದು ಹಾಕ್ಬಹುದು. ಇದನ್ನ ಊರ ತುಂಬ ತೋರ್ಸಿದ್ರೆ ನಾನು ಸೊರಬದ ಬಸ್ಸು ಹತ್ತೋದೇ ಸೈ.”

ಅಳಿಸಿದೆ. ಬೇರೆ ಹಾಳೆ ತೆಗೆದು ಅವಳು ಮಾಡುವ ಪದಾರ್ಥಗಳನ್ನು ಪರೀಕ್ಷೆಗೆ ಕೂರಿಸಿದೆ. ಶ್ಯಾವಿಗೆ: ಮೊದಲಕ್ಷರದಲ್ಲೇ ಫೇಲು. ಚಟ್ನಿಪುಡಿ: ಫೇಲು. ಅಕ್ಕಿ ಹಪ್ಪಳ: ಎರಡೆರಡು ಕಡೆ ಫೇಲು. ಹೋಳಿಗೆಯೊಂದೇ ಪಾಸು. ಅಷ್ಟರಲ್ಲಿ ಸೊರಬದಲ್ಲಿ ಅತ್ತೆಗೆ ಕಾಲು ಉಳುಕಿದೆಯೆಂದು ಸುದ್ದಿ ಬಂತು. ನೀಲಾ ಸೀರೆ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತ, “ನೋಡಿ ಹಾಕಿ ಮತ್ತೆ. ನಾನು ಬರೋ ತನಕ ಕಾದ್ರೂ ಅಡ್ಡಿಲ್ಲ,” ಎಂದು ಹೇಳಿ ಹೊರಟಳು.

ಕಾಯುವುದೆಂದರೇನು? ಕವಿಗೆ ಸ್ಫೂರ್ತಿ ಬಂದಾಗ ಕಾಲು ಉಳುಕಿದವರು ವಾಸಿಯಾಗುವವರೆಗೆ ಕಾಯಲಾಗುತ್ತದೆಯೆ? ಹೋಳಿಗೆ ಒಂದನ್ನೇ ಹಾಕಿದರೆ ಚೌಕಟ್ಟಿನಲ್ಲಿ ಜಾಗ ಭಣಭಣ ಎನ್ನುತ್ತಿತ್ತು. ಕಡಬು ಸೇರಿಸಿದೆ. ಕೋಡುಬಳೆ ಸೇರಿಸಿದೆ. (ಇವೆರಡನ್ನೂ ಅವಳು ಹಬ್ಬಕ್ಕೆ ಮಾಡುತ್ತಾಳೆ, ಸುಳ್ಳೇನಲ್ಲ.) ಸಾಲು ಇನ್ನೂ ಒಂದು ಕಡೆ ವಾಲಿತ್ತು. ಬಲಗಡೆ ನಾಲ್ಕಕ್ಷರದ ಒಂದು ತಿಂಡಿ ಬೇಕಿತ್ತು. ‘ಮಂಡಿಗೆ’! ಮೂರೇ ಅಕ್ಷರ, ಆದರೆ ಸೊನ್ನೆ ಇರುವುದರಿಂದ ದುಂಡಗೆ ತುಂಬಿಕೊಂಡು ಕೂತಿತು. ಆಹಾ, ಏನು ಅಂದ! ನಮ್ಮ ಸೀಮೆಯಲ್ಲಿ ಮಂಡಿಗೆ ಮಾಡುವವರೂ ಇಲ್ಲ, ಕೇಳುವವರೂ ಇಲ್ಲ. ಅದು ಬೆಳಗಾವಿ ಕಡೆಯ ಮದುವೆಮನೆಗಳ ಭಕ್ಷ್ಯ. ಹೆಸರಿಗೊಂದು ಇರಲಿ ಎಂದು ಬಿಟ್ಟೆ.

ಚಿತ್ರದ್ದು ಇನ್ನೊಂದು ಪಾಡು. ಆ ಸಿ.ಡಿ.ಯಲ್ಲಿ ಇದ್ದವೆಲ್ಲ ಪರದೇಶಿ ತಿಂಡಿಗಳು. ಹುಡುಕಿ ಹುಡುಕಿ, ದುಂಡಗೆ ಹೋಳಿಗೆಯಂತೆ ಕಾಣುವ ಒಂದನ್ನು ಆರಿಸಿದೆ. ಮೈಮೇಲೆಲ್ಲ ಕೆಂಪು ಬೊಟ್ಟು. ಹೋಳಿಗೆಗೆ ಅಮ್ಮ ಎದ್ದ ಹಾಗಿತ್ತು. ಸಾಗಲಿ ಎಂದು ಹಾಕಿದೆ. ಕೊನೆಗೆ ತಯಾರಾದದ್ದು ಹೀಗೆ:

ಬಾಯಿಗೆ ರುಚಿ, ಮನೆಗೆ ಶುಚಿ!
ಹೋಳಿಗೆ, ಕಡಬು, ಕೋಡುಬಳೆ, ಮಂಡಿಗೆ
ಬೇಕಾದಾಗ ಮಾಡಿಕೊಡಲಾಗುವುದು.
ಆಗಮಿಸಿ: ನೀಲಾಂಬಿಕ, ಹಳೆಯ ಶಾಲೆಯ ಹಿಂಬದಿ, ಶಿಕಾರಿಪುರ.

ಒಂದೇ ಒಂದು ಒತ್ತಕ್ಷರ ತೋರಿಸಿ ನೋಡೋಣ! ‘ಬನ್ನಿ’ ಎನ್ನಲಾಗದ ಕಡೆ ‘ಆಗಮಿಸಿ’, ‘ಸಿಗುತ್ತದೆ’ ಎನ್ನಲಾಗದ ಕಡೆ ‘ಮಾಡಿಕೊಡಲಾಗುವುದು’. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಫ್ಲಾಪಿಯನ್ನು ಗೋಪಾಲಪ್ಪನಿಗೆ ಕೊಟ್ಟೆ.

ನೀಲಾ ಊರಿಂದ ಬಂದ ದಿನ ಸಂಜೆ ಇಬ್ಬರೂ ಟಿ.ವಿ. ಮುಂದೆ ಕೂತೆವು. ಖಳನಾಯಕ ಕತ್ತಿ ಎತ್ತಿದ. ಸಿನಿಮಾ ನಿಂತಿತು. ಕೆಂಪು ಬೊಟ್ಟಿನ ಹೋಳಿಗೆ ಪರದೆ ತುಂಬ ಮೂಡಿತು. ನಾನು ಓರೆಗಣ್ಣಿನಿಂದ ಅವಳನ್ನು ನೋಡಿದೆ. ಮುಖ ಅರಳಿತು. ಅವಳ ಹೆಸರು ಟಿ.ವಿ.ಯಲ್ಲಿ! ಆಮೇಲೆ ಓದುತ್ತ ಓದುತ್ತ ಆ ಮುಖ ಮಡಚಿಕೊಂಡಿತು.

“ನನ್ ಶಾವಿಗೆ ಎಲ್ರೀ?”

“ಶ್ಯಾವಿಗೆಗೆ ಒತ್ತಿದೆಯಲ್ಲ ನೀಲಾ. ಯ-ಒತ್ತು.”

“ಯಾರ್ ಹೇಳಿದ್ದು? ‘ಶಾವಿಗೆ’ ಅಂತ ಬರೆದಿದ್ರೆ ಆಗ್ತಿತ್ತಪ್ಪ. ಊರೆಲ್ಲ ಹಂಗೇ ಅನ್ನೋದು.”

ಹೌದು, ಶಾವಿಗೆ! ಆಡುಮಾತಿನಲ್ಲಿ ಒತ್ತೇ ಇಲ್ಲ! ಆದರೂ ಪಂಡಿತ ಸುಮ್ಮನೆ ಸೋಲಬಹುದೆ? “ನಾನು ಗ್ರಂಥಸ್ಥ ರೂಪವನ್ನು ಬಿಡುವವನಲ್ಲ,” ಎಂದೆ.

“ಗ್ರಂಥಾನ ಬೇಯ್ಸಿ ಒತ್ಕಂಡು ತಿನ್ನಿ ಹಂಗಾರೆ. ಮಂಡಿಗೆ ಯಾರು ಮಾಡ್ತಾರೆ? ನಿಮ್ಮ ಗ್ರಂಥನಾ? ನಾನು ಮಂಡಿಗೆ ಕಣ್ಣಲ್ಲೂ ಕಂಡಿಲ್ಲ!”

“ಯಾರು ಕೇಳ್ತಾರೆ ಬಿಡೆ, ಅಂದಕ್ಕೆ ಹಾಕಿದ್ದು.”

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಜೀಪು ನಿಂತಿತು. ಇಳಿದವರು ಉಡುತಡಿಯ ಸದಾಶಿವಪ್ಪನವರು. ದೊಡ್ಡ ಒಕ್ಕಲುತನ, ಭತ್ತದ ವ್ಯಾಪಾರ, ಅದಕ್ಕೆ ತಕ್ಕ ಮೀಸೆ. ಕೂತವರೇ ನೇರ ವಿಷಯಕ್ಕೆ ಬಂದರು.

“ನಿನ್ನೆ ತಂಗಿ ಮನ್ಯಾಗೆ ಟಿ.ವಿ. ನೋಡ್ತಿದ್ದೆ ಮೇಷ್ಟ್ರೆ. ಮಂಡಿಗಿ ಅಂತ ಕಂಡ್ತು, ಎದ್ದು ನಿಂತ್ಬಿಟ್ಟೆ! ಬರೋ ಸೋಮವಾರ ನಮ್ಮ ಮಗಳು ಶರಣ್ಯಂದು ನಿಶ್ಚಯ. ಗಂಡಿನೋರು ಬೆಳಗಾವಿ ಕಡೇರು. ‘ನಿಮ್ಮ ಕಡೆ ಮಂಡಿಗಿ ಎಲ್ಲಿ ಸಿಗ್ಬೇಕು ಬಿಡ್ರಿ’ ಅಂತ ಅವ್ರ ಸೋದರಮಾವ ನಕ್ಕಿದ್ದ. ಈಗಿನ್ನ ಫೋನ್ ಮಾಡಿ ಹೇಳ್ಬಿಟ್ಟೆ, ‘ನಮ್ಮ ಶಿಕಾರಿಪುರದಾಗೂ ಅದಾರ್ರೀ ಮಾಡೋರು, ಟಿ.ವಿ.ಯಾಗೇ ಬರ್ತಾರೆ’ ಅಂತ! ನೂರು ಮಂದಿಗೆ ಆಗ್ಬೇಕು ನೋಡ್ರಿ.”

ಅಡುಗೆಮನೆ ಬಾಗಿಲಲ್ಲಿ ನೀಲಾ ನಿಂತಿದ್ದಳು. ಕಣ್ಣಲ್ಲೇ ‘ಇಲ್ಲ ಅನ್ನಿ’ ಎಂದಳು. ನಾನೂ ಇಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ಆದರೆ ಆ ಮೀಸೆಯ ಕೆಳಗೆ ಅರಳಿದ್ದ ನಗು ನೋಡಿ ನನ್ನ ಬಾಯಿಂದ ಹೊರಟದ್ದು, “ಅದಕ್ಕೇನಂತೆ, ಮಾಡಿಕೊಡಲಾಗುವುದು.”

ಜೀಪು ತಿರುವು ದಾಟುವವರೆಗೂ ನೀಲಾ ಕಾದಳು. ಆಮೇಲೆ ಆಡಿದ ಮಾತುಗಳಲ್ಲಿ ಒತ್ತಕ್ಷರಗಳು ಯಥೇಚ್ಛವಾಗಿದ್ದವು. ಎಲ್ಲವನ್ನೂ ಇಲ್ಲಿ ಬರೆಯುವುದು ಶೋಭೆಯಲ್ಲ.

“ಊರ ಮುಂದೆ ನನ್ ಹೆಸರು ಹೋಗತ್ತಲ್ರೀ. ನಾಳೆ ಚಟ್ನಿಪುಡಿನಾದ್ರೂ ಯಾರು ತಗತಾರೆ?” ಎಂದು ಕೊನೆಗೆ ಅವಳು ಕಣ್ಣೊರೆಸಿಕೊಂಡಳು.

ಸರಿ, ಕಲಿತೇಬಿಡೋಣ ಎಂದು ಹೊರಟೆವು. ಮಂಡಿಗೆ ಎಂದರೆ ಮಡಕೆಯನ್ನು ಬೋರಲು ಹಾಕಿ ಕೆಳಗೆ ಬೆಂಕಿ ಮಾಡಿ, ಹಿಟ್ಟನ್ನು ಮೊಳಕೈ ಮೇಲೆ ಬೀಸಿ ಬೀಸಿ ಮಲ್ಲು ಪಂಚೆಯಷ್ಟು ತೆಳ್ಳಗೆ ಮಾಡಿ ಅದರ ಮೇಲೆ ಹೊದಿಸಬೇಕಂತೆ. ಹಿತ್ತಲಲ್ಲಿ ಮಡಕೆ ಬೋರಲು ಹಾಕಿದೆವು. ನೀಲಾ ಬೀಸಿದ ಮೊದಲನೆಯದು ಕಂಬಳಿಯಷ್ಟು ದಪ್ಪ ಬಂತು. ಎರಡನೆಯದು ತೆಳ್ಳಗೇನೋ ಬಂತು, ನಡುವೆ ಕಿಟಕಿ ಬಿತ್ತು.

“ನಿಮ್ ಕೈ ಉದ್ದ ಇದೆ, ಹಿಡೀರಿ ಇಲ್ಲಿ!” ಎಂದು ಮೂರನೆಯದನ್ನು ನನ್ನ ತೋಳಿನ ಮೇಲೆ ಹಾಕಿದಳು. ನಾನು ವೀರಾವೇಶದಿಂದ ಬೀಸಿದೆ. ಅದು ಗಾಳಿಯಲ್ಲಿ ಹರಡಿ, ಅರಳಿ, ಎಷ್ಟು ಬೇಕೋ ಅಷ್ಟೇ ತೆಳ್ಳಗಾಗಿ, ನೆಟ್ಟಗೆ ನನ್ನ ತಲೆಯ ಮೇಲೆ ಇಳಿದು ಕಿವಿ, ಮೂಗು, ಕನ್ನಡಕ ಎಲ್ಲಕ್ಕೂ ಅಂಟಿಕೊಂಡಿತು.

ಆ ಹೊತ್ತಿಗೇ ಪಕ್ಕದ ಮನೆಯ ಹುಲಿಗೆಮ್ಮ ಬೇಲಿಯಾಚೆ ತಲೆ ಎತ್ತಿದಳು. “ಅಯ್ಯೋ ಯವ್ವಾ! ಮೇಷ್ಟ್ರಿಗೆ ಏನಾತು? ತಲಿ ತುಂಬ ಪಟ್ಟಿ ಕಟ್ಟೀರಲ್ಲ!”

ಅಲ್ಲಿಯವರೆಗೆ ಅಳುಮೋರೆಯಲ್ಲಿದ್ದ ನೀಲಾ ನಗಲು ಶುರುಮಾಡಿದಳು. ನನ್ನ ಮುಖದಿಂದ ಹಿಟ್ಟು ಬಿಡಿಸುತ್ತ, ನಗುತ್ತ, “ಸಾಕು ನಡೀರಿ. ಉಡುತಡಿಗೆ ಹೋಗಿ ಇದ್ದದ್ದು ಇದ್ದ ಹಂಗೆ ಹೇಳ್ಬಿಡಣ. ಹೇಳೋರು ನೀವು,” ಎಂದಳು.

ಉಡುತಡಿಯ ಆ ದೊಡ್ಡ ಮನೆಯ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತು ನಾನು ಆರಂಭಿಸಿದೆ. “ಮಾನ್ಯರೇ, ಕನ್ನಡ ವರ್ಣಮಾಲೆಯಲ್ಲಿ ಸಂಯುಕ್ತಾಕ್ಷರ ಎಂಬುದೊಂದಿದೆ...”

ಸದಾಶಿವಪ್ಪನವರು ಬಹಳ ಹೊತ್ತು ಕೇಳಿದರು. ಮೀಸೆ ಒಂದು ಸಲ ಮೇಲೆ ಹೋಯಿತು, ಒಂದು ಸಲ ಕೆಳಗೆ ಬಂತು. “ಅಂದ್ರೆ ಮೇಷ್ಟ್ರೆ, ಅಕ್ಷರಕ್ಕೆ ಕಾಲಿಲ್ಲ ಅಂತ ನಮ್ಮ ಬೀಗ್ರಿಗೆ ಮಂಡಿಗಿ ಇಲ್ಲ?”

“ಹಾಗೆಯೇ ತಿಳಿಯಬಹುದು,” ಎಂದೆ.

“ನಾ ಫೋನ್ ಮಾಡಿ ಹೇಳೀನಲ್ರೀ ಮಾರಾಯ್ರೆ!” ಎಂದು ಅವರು ಹಣೆ ಹಿಡಿದುಕೊಂಡು ಕೂತರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತು. ನನಗೆ ಆ ಕಂಬಳಿಯ ಕೆಳಗೆ ತೂರಿಕೊಳ್ಳುವ ಹಾಗಾಯಿತು.

ಆಗ ಒಳಗಿನಿಂದ ಅವರ ಹೆಂಡತಿ ಅಕ್ಕನಾಗಮ್ಮನವರು ಬಂದರು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

“ಛಲೋ ಆತು ಬಿಡ್ರಿ,” ಎಂದರು. “ನಾ ಮೊದ್ಲಿಂದ ಬಡ್ಕಂಡೆ. ಬೀಗ್ರಿಗೆ ಅವ್ರೂರ ಅಡ್ಗೀನೇ ಮಾಡಿ ಹಾಕಿದ್ರೆ ಕುಂತು ತಪ್ಪು ಹುಡುಕ್ತಾರೆ. ಇಲ್ಲಿ ದಪ್ಪ ಆತು, ಅಲ್ಲಿ ಸುಟ್ಟೈತಿ ಅಂತಾರೆ. ತಪ್ಪು ಹುಡುಕಾಕ ಬರದಂಥಾದ್ದು ಮಾಡ್ಬೇಕು. ಏನವ್ವಾ, ನಿಂದು ಸೊರಬ ಅಲ್ಲೇನು? ಶಾವಿಗಿ ಒತ್ತಾಕ ಬರ್ತತಿ?”

ನೀಲಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. “ನೂರಲ್ಲ, ಇನ್ನೂರು ಜನಕ್ಕಾದ್ರೂ ಒತ್ತಿ ಕೊಡ್ತೀನಿ ಅಮ್ಮಾ. ಕಾಯಿಹಾಲೂ ನಂದೇ.”

ಸೋಮವಾರ ಬೆಳಗ್ಗೆ ಉಡುತಡಿಗೆ ಶಾವಿಗೆ ಒತ್ತುವ ಒರಳಿನ ಸಮೇತ ಹೋದೆವು. ನೀಲಾ ಅಕ್ಕಿಹಿಟ್ಟಿನ ಉಂಡೆ ಬೇಯಿಸಿ ಬಿಸಿಬಿಸಿಯಾಗಿ ಒರಳಿಗೆ ತುಂಬುವುದು, ನಾನು ಮೇಲಿನ ಹಿಡಿ ತಿರುವಿ ಒತ್ತುವುದು. ಆರಿದರೆ ಎಳೆ ಇಳಿಯುವುದಿಲ್ಲ, ಆದ್ದರಿಂದ ನಡುವೆ ನಿಲ್ಲಿಸುವಂತಿಲ್ಲ. ಬಿಟ್ಟ ಒತ್ತಕ್ಷರಗಳೆಲ್ಲ ಸಾಲುಗಟ್ಟಿ ಬಂದು, ‘ಈಗ ಒತ್ತು, ಈಗ ಒತ್ತು’ ಎಂದು ನನ್ನ ಹೆಗಲಮೇಲೆ ಕೂತು ಲೆಕ್ಕ ತೀರಿಸಿಕೊಂಡವು. ಊಟದ ಹೊತ್ತಿಗೆ ನನ್ನ ತೋಳುಗಳು ಯಾರದೋ ತೋಳುಗಳಾಗಿದ್ದವು.

ಪಂಕ್ತಿಯಲ್ಲಿ ಬೆಳಗಾವಿಯ ಸೋದರಮಾವ ಮೊದಲು ಶಾವಿಗೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಕಾಯಿಹಾಲು ಸುರಿಸಿಕೊಂಡ. ಒಂದು ತುತ್ತು ತಿಂದ. ಆಮೇಲೆ ಬಟ್ಟಲು ಬರಿದಾಗುವವರೆಗೂ ತಲೆಯೆತ್ತಲಿಲ್ಲ. “ಇನ್ನಷ್ಟು ಹಾಕ್ರಿ,” ಎಂದು ಅವನು ಕೂಗಿದಾಗ ಸದಾಶಿವಪ್ಪನವರ ಮೀಸೆ ಮತ್ತೆ ಮೇಲಕ್ಕೆ ಏರಿದ್ದನ್ನು ನಾನು ಅಡುಗೆ ಚಪ್ಪರದಿಂದ ಕಂಡೆ. ಮದುವೆಯ ಊಟಕ್ಕೂ ಶಾವಿಗೆಯೇ ಎಂದು ಅಲ್ಲೇ ಮಾತಾಯಿತು. ಮಂಡಿಗೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಅದಾದ ಮೇಲೆ ಮನೆಯ ಸ್ವರೂಪವೇ ಬದಲಾಯಿತು. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ನೀಲಾ ಕಂಪ್ಯೂಟರಿನ ಮುಂದೆ ಕೂತು ತಾನೇ ಒಂದು ಜಾಹೀರಾತು ಮಾಡಿದಳು. ಸೊರಬಕ್ಕೆ ಫೋನಿಲ್ಲ, ತಮ್ಮನ ಸಹಾಯವಿಲ್ಲ. ಚೌಕಟ್ಟು, ಚಿತ್ರ, ಅಕ್ಷರ, ಮುಗಿಯಿತು. ಕೆಂಪು ಬೊಟ್ಟಿನದನ್ನು ಕಿತ್ತು ಹಾಕಿ, ಗೆರೆ ಎಳೆಯುವ ಸಲಕರಣೆಯಿಂದ ಎಳೆ ಎಳೆಯಾಗಿ ಶಾವಿಗೆಯನ್ನೇ ಬಿಡಿಸಿದ್ದಳು. ಅದರ ಕೆಳಗೆ ಬರೆದದ್ದು, ‘ಬಿಸಿ ಶಾವಿಗೆ, ಸಿಹಿ ಕಾಯಿಹಾಲು. ನೀಲಾಂಬಿಕ ಮಾಡುವುದು.’ ಅಷ್ಟೇ. ಓದುವವರಿಗೆ ಬಾಯಲ್ಲಿ ನೀರೂರುತ್ತಿತ್ತು. ನನಗೂ ಊರಿತು, ಜೊತೆಗೆ ಸ್ವಲ್ಪ ಹೊಟ್ಟೆಯೂ ಉರಿಯಿತು.

ಅದನ್ನು ಟಿ.ವಿ.ಯಲ್ಲಿ ಕಂಡವರು ತಮಗೂ ಒಂದು ಬೇಕೆಂದು ಬರತೊಡಗಿದರು. ಹೊಲಿಗೆಯಂಗಡಿಯವರು ಬಂದರು, ಗಿರಣಿಯವರು ಬಂದರು. ಜಗಲಿಯಲ್ಲಿ ಕೂತ ನನ್ನನ್ನು ದಾಟಿಕೊಂಡು ಒಳಗೆ ಹೋಗುವಾಗ, “ನೀವು ಏಳಬ್ಯಾಡ್ರಿ ಮೇಷ್ಟ್ರೆ, ಅಕ್ಕಾರ ಹತ್ರ ಬಂದೀವಿ. ನೀವಾದ್ರೆ ನಮ್ಮ ಅಂಗಡಿಯಾಗೆ ಇಲ್ದಿದ್ದೆಲ್ಲ ಹಾಕ್ತೀರಿ,” ಎನ್ನುತ್ತಿದ್ದರು.

ಬೇಸಿಗೆ ರಜೆಯ ಒಂದು ಸಂಜೆ ನಮ್ಮ ಹೆಡ್‌ಮಾಸ್ಟರು ಉಚ್ಚಂಗಪ್ಪನವರು ಬಂದರು. ಬಹಳ ಬಿಗಿ ಮನುಷ್ಯ. ನನ್ನ ಪಾಠ ನೋಡಲು ಬಂದಾಗಲೆಲ್ಲ ಕೊನೆಯ ಬೆಂಚಿನಲ್ಲಿ ಕೂತು, ಒಂದು ಮಾತೂ ಹೇಳದೆ ಎದ್ದು ಹೋಗುವವರು. ಶಾಲೆಗೆ ಹುಡುಗರು ಸೇರುವ ಕಾಲ, ಟಿ.ವಿ.ಯಲ್ಲಿ ಜಾಹೀರಾತು ಕೊಡಬೇಕಂತೆ. ಶಾಲೆಯ ಘನತೆಗೆ ತಕ್ಕ ಬರವಣಿಗೆ ಬೇಕು ಎಂದರು. ನಾನು ತೋಳಿಗಂಟಿದ್ದ ಹಿಟ್ಟು ತೊಳೆದುಕೊಂಡು, ಗಂಟಲು ಸರಿಮಾಡಿಕೊಂಡು, “ಹೇಳಿ ಸಾರ್, ಗದ್ಯದಲ್ಲೋ ಪದ್ಯದಲ್ಲೋ?” ಎಂದೆ.

“ನಿಮ್ಮ ಮನೆಯವ್ರು ಇದಾರೇನ್ರಿ?” ಎಂದರು ಅವರು, ನನ್ನ ಭುಜದ ಮೇಲಿಂದ ಒಳಗೆ ಇಣುಕುತ್ತ.

ನೀಲಾ ಒಳಗಿನಿಂದಲೇ, “ಕೂತ್ಕಳಿ ಸಾರ್, ಬಂದೆ. ರೀ, ಸಾರ್‌ಗೆ ಒಂದು ಬಟ್ಟಲು ಶಾವಿಗೆ ಕೊಡಿ, ಈಗಿನ್ನೂ ಒತ್ತಿದ್ದು,” ಎಂದಳು.

ತಂದುಕೊಟ್ಟೆ. ಹೆಡ್‌ಮಾಸ್ಟರು ಒಂದು ಎಳೆ ಎತ್ತಿ ನೋಡಿದರು. ತಿಂದರು. ಮತ್ತೆ ತಿಂದರು. ನಿಧಾನವಾಗಿ ತಲೆಯೆತ್ತಿ, ನನ್ನನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡಿದರು.

“ಪಂಡಿತ್ರೆ, ಇದನ್ನ ಒತ್ತಿದ್ದು ನೀವಾ?”

“ಹೌದು ಸಾರ್.”

“ಭಾಳ ಚೆನ್ನಾಗೈತ್ರಿ. ಒಂದು ಎಳೆನೂ ಗಂಟಾಗಿಲ್ಲ, ಎಲ್ಲ ಬಿಡಿಬಿಡಿಯಾಗಿ ತಿಳಿಯಾಗೈತಿ. ನಿಮ್ಮ ಕೈಯಾಗೆ ಹಿಂಗೊಂದು ವಿದ್ಯೆ ಐತೆ ಅಂತ ಇಷ್ಟು ವರ್ಷ ನಂಗೆ ಗೊತ್ತೇ ಆಗ್ಲಿಲ್ಲ ನೋಡ್ರಿ!”

ನನ್ನ ಸೇವಾವಧಿಯಲ್ಲಿ ಮೇಲಧಿಕಾರಿಗಳ ಬಾಯಿಂದ ಬಂದ ಮೊಟ್ಟಮೊದಲ ಪ್ರಶಂಸೆ ಅದು. ನಾನು ಕೈಮುಗಿದೆ. ಆಮೇಲೆ ಅವರ ಬಟ್ಟಲು ತೆಗೆದುಕೊಂಡು, ಇನ್ನಷ್ಟು ಒತ್ತಿ ತರಲು ಒಳಗೆ ಹೋದೆ.